ಪಣಂಬೂರಿನಲ್ಲಿ ದೋಣಿ ಅಡ್ಡ ಹಾಕಿದರೆ ಕಲ್ಲಿದ್ದಲು ನಿಂತೀತೆ?

ಪಡುಬಿದ್ರಿ ಕಡೆಯ ಓದುಗರೊಬ್ಬರು ಬರೆದ ಎರಡು ಪುಟದ ಪತ್ರದ ಸಾರ ಇಷ್ಟು: "ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಬಂದರಿನಲ್ಲಿ ಹುಡುಗರು ಪುಟ್ಟ ದೋಣಿಗಳಲ್ಲಿ ಕೂತು ಕಲ್ಲಿದ್ದಲಿನ ಹಡಗು ತಡೆದ ವಿಡಿಯೊ ನೋಡಿದೆವು. ನಮ್ಮೂರಿನ ಇಪ್ಪತ್ತೈದು ಮಂದಿ ಯುವಕ ಯುವತಿಯರು ಮಂಗಳೂರಿನ ಪಣಂಬೂರು ಬಂದರಿನಲ್ಲಿ ಹಾಗೇ ಮಾಡುವ ಎನ್ನುತ್ತಿದ್ದಾರೆ. ಮಾಡಬಹುದೆ? ಕಾರ್ಬನ್ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಎರಡು ಸಲ ಬರೆದೆವು. ಎರಡು ಸಲವೂ 'ಎಲ್ಲವೂ ಮಿತಿಯೊಳಗಿದೆ' ಎಂಬ ಒಂದು ಸಾಲು ಬಂತು. ಊರಿನವರು 'ಬೈಕಿನಲ್ಲಿ ಬರ್ತೀರಿ, ಗ್ಯಾಸಿನಲ್ಲಿ ಚಾ ಮಾಡ್ತೀರಿ, ಮತ್ತೆಂತ ಪ್ರತಿಭಟನೆ?' ಎಂದು ನಗುತ್ತಾರೆ. ಅವರಿಗೆ ಏನು ಹೇಳುವುದು?"

ನಿಮ್ಮ ಎರಡನೆಯ ಪ್ರಶ್ನೆ, ಅಂದರೆ ಮಂಡಳಿಯ ಉತ್ತರದ ವಿಚಾರದಿಂದಲೇ ಶುರು ಮಾಡುತ್ತೇವೆ. ಉಳಿದ ಎರಡೂ ಅದಕ್ಕೇ ನೇತುಕೊಂಡಿವೆ.

ಮಂಡಳಿಯ ಉತ್ತರ ಸುಳ್ಳಲ್ಲ. ಕಲ್ಲಿದ್ದಲು ಸ್ಥಾವರಗಳ ಹೊಗೆಗೆ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್ 7ರಂದು ಹೊರಡಿಸಿದ ಮಾನದಂಡದಲ್ಲಿ ದೂಳು, ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್, ಪಾದರಸ ಇವೆ. ಇಂಗಾಲದ ಡೈಆಕ್ಸೈಡ್ ಇಲ್ಲ. ಇಲ್ಲದ ಮಿತಿಯನ್ನು ಯಾರೂ ಮೀರಲಾರರು. ನಿಮ್ಮ ಅರ್ಜಿ ಹವಾಮಾನ ಎಂಬ ಶಬ್ದದಿಂದ ಶುರುವಾದರೆ ಮೇಜಿನ ಆಚೆಗಿರುವ ಅಧಿಕಾರಿಗೆ ಅದನ್ನು ಹಾಕಲು ಕಡತವೇ ಇಲ್ಲ. ಅದೇ ಅರ್ಜಿ ಬೂದಿ, ಉಪ್ಪು, ಬಾವಿ, ಮೀನು ಎಂದು ಶುರುವಾದರೆ ಕಡತ ಉಂಟು, ಕಲಂ ಉಂಟು, ದಿನದ ಗಡುವೂ ಉಂಟು. ಕರಾವಳಿಯಲ್ಲಿ ಪಳೆಯುಳಿಕೆ ಇಂಧನದ ವಿರುದ್ಧ ನಡೆದ ಹೋರಾಟಗಳು ಅಷ್ಟೋ ಇಷ್ಟೋ ದಕ್ಕಿಸಿಕೊಂಡದ್ದೆಲ್ಲ ಈ ಬಾಗಿಲಿನಿಂದಲೇ. 1990ರ ದಶಕದಲ್ಲಿ ಉಡುಪಿ ಜಿಲ್ಲೆಯ ನಂದಿಕೂರಿನಲ್ಲಿ ಕಲ್ಲಿದ್ದಲು ಸ್ಥಾವರ ಕಟ್ಟಬೇಕಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ, ಊರಿನ ವಿರೋಧ, ಕೋರ್ಟು ಕೇಸು, ವರ್ಷಗಟ್ಟಲೆ ವಿಳಂಬ ಎಲ್ಲ ಸೇರಿ 1999ರ ಕೊನೆಗೆ ಗಂಟುಮೂಟೆ ಕಟ್ಟಿತು. ಮುಂದೆ ಅಲ್ಲೇ ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವಾಟಿನ ಸ್ಥಾವರ ಬಂತು, ನಿಜ. ಆದರೆ ಅದರ ವಿರುದ್ಧ ನಂದಿಕೂರಿನ ಜನಜಾಗೃತಿ ಸಮಿತಿ ನಡೆಸಿದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರಕ್ಕೆ ಆದೇಶಿಸಿತು. ಆ ಮೊತ್ತ ಭೂಮಿ ಬಿಸಿಯಾದದ್ದಕ್ಕಲ್ಲ, ಸ್ಥಾವರದ ಸುತ್ತಮುತ್ತ ಆದ ಹಾನಿಗೆ.

ಹಾಗೆಂದು ಹವಾಮಾನದ ಮಾತು ಆಡಲೇಬಾರದು ಎಂದಲ್ಲ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತರಾಗಿ ಬದುಕುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಬರುವ ಹಕ್ಕು ಎಂದಿತು. ಆ ತೀರ್ಪನ್ನು ಅರ್ಜಿಯ ಕೊನೆಯ ಪ್ಯಾರಾದಲ್ಲಿ ಹಾಕಿ. ಮೊದಲ ಪ್ಯಾರಾದಲ್ಲಿ ಬಾವಿ ಇರಲಿ.

ಇನ್ನು ದೋಣಿಯ ವಿಚಾರ. ನ್ಯೂಕ್ಯಾಸಲ್ ವಿಡಿಯೊದಲ್ಲಿ ಕಾಣದ ಸಂಗತಿ ಒಂದುಂಟು. 2023ರ ನವೆಂಬರಿನ ಆ ಪ್ರತಿಭಟನೆಗೆ ಪೊಲೀಸರ ಜತೆ ಮಾತಾಡಿ 30 ಗಂಟೆಯ ಅನುಮತಿ ಪಡೆದಿದ್ದರು. ಅವಧಿ ಮುಗಿದ ಮೇಲೂ ನೀರಿನಿಂದ ಏಳದ 109 ಮಂದಿ ಬಂಧನಕ್ಕೊಳಗಾದರು, ಅದೂ ಗೊತ್ತಿದ್ದೇ ಕೂತದ್ದು. ಪಣಂಬೂರಿನಲ್ಲಿ ಆ ಅನುಮತಿ ಸಿಗುತ್ತದೆಂದು ನಂಬಬೇಡಿ. ಬಂದರಿನ ಒಳಾಂಗಣ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯಾದ ಸಿಐಎಸ್‌ಎಫ್ ಕಾವಲಿನ ನಿರ್ಬಂಧಿತ ಪ್ರದೇಶ. ಕಚ್ಚಾತೈಲದ ಹಡಗು ಎಂಜಿನ್ ನಿಲ್ಲಿಸಿದ ಮೇಲೂ ಕಿಲೋಮೀಟರುಗಟ್ಟಲೆ ಮುಂದೆ ಸಾಗುತ್ತದೆ, ಎದುರು ಸಿಕ್ಕಿದ ಪ್ಲಾಸ್ಟಿಕ್ ದೋಣಿ ಅದರ ಮೇಲಿನವರ ಕಣ್ಣಿಗೂ ಬೀಳುವುದಿಲ್ಲ. ಅಳಿವೆ ಬಾಗಿಲಿನ ಸೆಳೆತ ಮೊಗವೀರರ ಮಕ್ಕಳಿಗೆ ಗೊತ್ತು, ಹಾಸ್ಟೆಲಿನ ಮಕ್ಕಳಿಗೆ ಗೊತ್ತಿಲ್ಲ. ಮೀನುಗಾರರ ಸಂಘಗಳೇ ಮುಂದೆ ನಿಂತು, ಅವರ ದೋಣಿ, ಅವರ ತಾಂಡೇಲರು (ದೋಣಿ ನಡೆಸುವ ಮುಖ್ಯಸ್ಥರು), ಬಂದರಿನ ಗಡಿಯಿಂದ ಹೊರಗೆ ಎಂದಾದರೆ ಅದು ಬೇರೆ ಮಾತು. ಅದೂ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಆಗದು, ಆಮೇಲಿನ ಹಂಗಾಮಿನಲ್ಲಿ ದುಡಿಮೆ ಬಿಟ್ಟು ಬನ್ನಿ ಎಂದು ಕೇಳುವ ಮುಖ ನಮಗಂತೂ ಇಲ್ಲ.

ಬ್ರಿಟನ್ನಿನ ಜಸ್ಟ್ ಸ್ಟಾಪ್ ಆಯಿಲ್ ಬಳಗ ವ್ಯಾನ್ ಗೋ ಚಿತ್ರದ ಗಾಜಿನ ಮೇಲೆ ಟೊಮೆಟೊ ಸೂಪ್ ಎರಚಿದ್ದು ಎಲ್ಲರಿಗೂ ನೆನಪುಂಟು. ಅವರ ಬೇಡಿಕೆ ಏನಿತ್ತೆಂದು ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಅದು ಒಂದೇ ಸಾಲು: ಹೊಸ ತೈಲ, ಅನಿಲ ಪರವಾನಗಿ ಕೊಡಬೇಡಿ. ಸೂಪ್ ನಿಮಗೆ ಬೇಡ, ಆ ಒಂದು ಸಾಲನ್ನು ಎರವಲು ತನ್ನಿ. "ಪಳೆಯುಳಿಕೆ ಇಂಧನ ನಿಲ್ಲಿಸಿ" ಎಂಬ ಮನವಿಗೆ ಉಡುಪಿಯಲ್ಲಿ ಸಹಿ ಹಾಕಬಲ್ಲ ಕುರ್ಚಿ ಇಲ್ಲ. "ಮಳೆಗಾಲದಲ್ಲೂ ಬೂದಿಹೊಂಡದ ಸುತ್ತಲಿನ ಹತ್ತು ಬಾವಿಗಳ ನೀರು ಪರೀಕ್ಷಿಸಿ, ಫಲಿತಾಂಶ ಪಂಚಾಯತ್ ಬೋರ್ಡಿನಲ್ಲಿ ಹಾಕಿ" ಎಂಬುದಕ್ಕೆ ಇದೆ.

ಹೊಸ ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ನಡೆಯುವ ಸಾರ್ವಜನಿಕ ಅಹವಾಲು ಸಭೆಯ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ಯಾಕೆಂದರೆ ನಮ್ಮವರು ಹೆಚ್ಚು ಎಡವುವುದು ಅಲ್ಲಿ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತ್, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಕನ್ನಡದಲ್ಲಿ ಇರುವುದು ಸಾರಾಂಶ ಮಾತ್ರ, ಅಸಲು ವಿಷಯ ಇಂಗ್ಲಿಷಿನ ನೂರಾರು ಪುಟಗಳಲ್ಲಿ ಅಡಗಿರುತ್ತದೆ. ಹಾಗಾಗಿ ನಿಮ್ಮ ಇಪ್ಪತ್ತೈದು ಮಂದಿಗೆ ಪುಟ ಹಂಚಿಬಿಡಿ.

ಆ ಪುಟಗಳಲ್ಲಿ ಮೊದಲು ಹುಡುಕಬೇಕಾದದ್ದು ಮಾಪನ ಯಾವ ತಿಂಗಳಲ್ಲಿ ನಡೆಯಿತು ಎಂಬುದನ್ನು. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ, ಅಂದರೆ ಮೂರು ತಿಂಗಳ ದತ್ತಾಂಶ ಸಾಕು ಎನ್ನುತ್ತದೆ ನಿಯಮ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲಿ ಸಿಂಹಪಾಲು ಜೂನ್‌ನಿಂದ ಸೆಪ್ಟೆಂಬರಿಗೆ. ಹೊಂಡ ಉಕ್ಕುವುದು, ಬೂದಿನೀರು ತೋಡು ಸೇರುವುದು, ಗದ್ದೆಗೆ ನುಗ್ಗುವುದು ಎಲ್ಲ ಅಳೆಯದೇ ಬಿಟ್ಟ ಆ ನಾಲ್ಕು ತಿಂಗಳಲ್ಲೇ. ಎರಡನೆಯದು ಗಾಳಿ. ನಮ್ಮಲ್ಲಿ ಹಗಲು ಕಡಲಗಾಳಿ ಪಡುವಣದಿಂದ ಒಳನಾಡಿಗೆ ಬೀಸುತ್ತದೆ, ರಾತ್ರಿ ತಿರುಗುತ್ತದೆ. ದೂಳು ಅಳೆಯುವ ಯಂತ್ರಗಳಲ್ಲಿ ಎಷ್ಟು ಸ್ಥಾವರದ ಪೂರ್ವ ಬದಿಗೆ ಇವೆ ಎಂದು ನಕ್ಷೆಯಲ್ಲಿ ಎಣಿಸಿ.

ಸಭೆಯಲ್ಲಿ ಮಾತಾಡುವ ಹಕ್ಕು ಸ್ಥಳೀಯ ಬಾಧಿತರದ್ದು, ಹೊರಗಿನವರು ಬರೆದು ಕೊಡಬಹುದು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಕೂರುತ್ತಾರೆ, ಪೂರ್ತಿ ವಿಡಿಯೊ ಆಗುತ್ತದೆ. ಎದ್ದು ನಿಂತು ಹತ್ತು ನಿಮಿಷ ಆವೇಶದಿಂದ ಮಾತಾಡಿದವರ ಬಗ್ಗೆ ನಡಾವಳಿಯಲ್ಲಿ ಉಳಿಯುವುದು "ವಿರೋಧ ವ್ಯಕ್ತಪಡಿಸಿದರು" ಎಂಬ ಎರಡು ಶಬ್ದ. "ಇಂತಿಷ್ಟನೇ ಪುಟದಲ್ಲಿ ಇಂಥ ಬಾವಿಯ ಕ್ಲೋರೈಡ್ ಇಷ್ಟು ಎಂದಿದೆ, ಪರೀಕ್ಷೆಯ ದಿನಾಂಕ ಕೊಟ್ಟಿಲ್ಲ, ಕೊಡಿ" ಎಂದು ಬರೆದು ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡರೆ ಅದಕ್ಕೆ ಅಂತಿಮ ವರದಿಯಲ್ಲಿ ಕಂಪನಿ ಉತ್ತರ ಕೊಡಬೇಕಾಗುತ್ತದೆ. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಜನ ಅಷ್ಟರಲ್ಲಿ ಊಟಕ್ಕೆ ಎದ್ದಿರುತ್ತಾರೆ. ಏಳಬೇಡಿ, ಬಿಟ್ಟುಹೋದದ್ದನ್ನು ಅಲ್ಲೇ ಸೇರಿಸಿ.

ಇನ್ನೊಂದು ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ. ಸ್ಥಳೀಯ ಪರಿಸ್ಥಿತಿಯಿಂದಾಗಿ ಜನ ಮುಕ್ತವಾಗಿ ಮಾತಾಡುವಂತಿಲ್ಲ ಎಂದು ವರದಿ ಹೋದರೆ, ಸಭೆಯೇ ಇಲ್ಲದೆ ಮುಂದುವರಿಯಲು ಅದೇ ಅಧಿಸೂಚನೆ ಅವಕಾಶ ಕೊಡುತ್ತದೆ. ಶಾಮಿಯಾನ ಕಿತ್ತು, ಕುರ್ಚಿ ಎಸೆದು "ಸಭೆ ನಿಲ್ಲಿಸಿದೆವು" ಎಂದು ಸಂಭ್ರಮಿಸಿದವರು ಕಂಪನಿಗೆ ಉಪಕಾರ ಮಾಡಿದ ಹಾಗೆ.

ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ, ಸಕಾರಣ ಇದ್ದರೆ ಇನ್ನೂ 60 ದಿನ. 91ನೇ ದಿನ ಹೋದರೆ ಬಾಗಿಲು ಮುಚ್ಚಿರುತ್ತದೆ. ಪರಿಹಾರ ಕೇಳಲು ಮಾತ್ರ ಐದು ವರ್ಷದ ಅವಕಾಶ ಉಂಟು. ನಮಗೆ ದಕ್ಷಿಣ ಪೀಠ ಚೆನ್ನೈನಲ್ಲಿದೆ.

ಹೊಸ ಯೋಜನೆ ಯಾವುದೂ ಇಲ್ಲದ ದಿನಗಳಲ್ಲೂ ಕೆಲಸ ಉಂಟು. ಪರಿಸರ ಅನುಮತಿಯ ಷರತ್ತುಗಳನ್ನು ಪಾಲಿಸಿದ ಬಗ್ಗೆ ಪ್ರತಿ ಕಂಪನಿಯೂ ಜೂನ್ 1 ಮತ್ತು ಡಿಸೆಂಬರ್ 1ರಂದು ವರದಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ: 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ 150 ಶಬ್ದದೊಳಗೆ, ಒಂದೇ ವಿಷಯ. "ಹೊಗೆ ಯಾಕೆ ಹೆಚ್ಚಾಗಿದೆ?" ಎಂದು ಕೇಳಿದರೆ ತಿರಸ್ಕೃತ, ಏಕೆಂದರೆ ಕಾಯ್ದೆ ದಾಖಲೆ ಕೊಡುತ್ತದೆ, ವಿವರಣೆ ಕೊಡುವುದಿಲ್ಲ. "ಚಿಮಣಿಯ ಆನ್‌ಲೈನ್ ಮಾಪಕ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ದಾಖಲಿಸಿದ ಗಂಧಕದ ಡೈಆಕ್ಸೈಡ್ ಅಂಕಿಗಳ ಪ್ರತಿ, ಮಾಪಕ ಕೆಟ್ಟಿದ್ದ ದಿನಗಳ ಪಟ್ಟಿ ಸಹಿತ" ಎಂದು ಕೇಳಿ. ಆ ಕೊನೆಯ ಐದು ಶಬ್ದಗಳಲ್ಲೇ ಹೆಚ್ಚಿನ ಸತ್ಯ ಹೊರಬೀಳುತ್ತದೆ.

ಇನ್ನು ನಿಮ್ಮದೇ ಸಾಕ್ಷ್ಯ. ಬಾವಿನೀರು ಮೇ ಮಧ್ಯದಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ತೆಗೆಯಿರಿ. ಒಂದು ಲೀಟರಿನ ಹೊಸ ಬಾಟಲಿ, ಅದೇ ಬಾವಿಯ ನೀರಿನಲ್ಲಿ ಮೂರು ಸಲ ಗಲಬರಿಸಿ, ಗಾಳಿ ಉಳಿಯದಂತೆ ಬಾಯಿತುಂಬ ತುಂಬಿಸಿ. ಟ್ಯಾಂಕಿನ ನಲ್ಲಿಯದ್ದು ಬೇಡ. ನೀರಿನಲ್ಲಿ ಕರಗಿದ ಲವಣ ಅಳೆಯುವ, ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರು ಯಾವ ಬಾವಿ ಲ್ಯಾಬಿಗೆ ಹೋಗಬೇಕೆಂದು ಆರಿಸಲು ಮಾತ್ರ. ಕೋರ್ಟಿಗೆ ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ಕಾಗದವೇ ಆಗಬೇಕು. ಸ್ಥಾವರದ ಕಡಲನೀರು ಬಾವಿಗೆ ಸೋರಿದೆಯೇ ಎಂಬ ಸುಳಿವು ಕೊಡುವುದು ಕ್ಲೋರೈಡ್, ಅಂದರೆ ಉಪ್ಪಿನಂಶ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 250 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲವೆಂದರೆ 1000ದವರೆಗೆ. ಕಡಲ ನೀರಿನಲ್ಲಿ ಅದು ಸುಮಾರು 19,000. ಅಂದರೆ ನೂರು ಕೊಡ ಸಿಹಿನೀರಿಗೆ ಒಂದು ಕೊಡ ಕಡಲನೀರು ಸೇರಿದರೆ ಸಾಕು, ಹೆಚ್ಚುಕಡಿಮೆ 190 ಏರುತ್ತದೆ. ಎದುರು ವಕೀಲರು ಮೊದಲು ಕೇಳುವುದು "ಇದು ಹೊಳೆಯ ಉಬ್ಬರದ ಉಪ್ಪು ಅಲ್ಲ ಎನ್ನಲು ಏನು ಆಧಾರ?" ಎಂದು. ಅದಕ್ಕೇ ಸ್ಥಾವರದಿಂದ ದೂರದ, ಹೊಳೆಗೆ ಅಷ್ಟೇ ಹತ್ತಿರದ ಎರಡು ಬಾವಿಗಳನ್ನೂ ಅದೇ ದಿನ ಪರೀಕ್ಷಿಸಬೇಕು. ಈ ಹೋಲಿಕೆಯ ಬಾವಿ ಇಲ್ಲದೆ ಬಿದ್ದುಹೋದ ದೂರುಗಳಿಗೆ ಲೆಕ್ಕವಿಲ್ಲ.

ಎಲೆಯ ಮೇಲಿನದ್ದು ಹಾರುಬೂದಿಯೋ ಮಣ್ಣು ರಸ್ತೆಯ ದೂಳೋ ಎಂಬ ವಾದಕ್ಕೆ ಹೈಸ್ಕೂಲಿನ ಸೂಕ್ಷ್ಮದರ್ಶಕ ಸಾಕು. ಪಾರದರ್ಶಕ ಟೇಪನ್ನು ಎಲೆಗೆ ಒತ್ತಿ ತೆಗೆದು ಗಾಜಿನ ಸ್ಲೈಡಿಗೆ ಅಂಟಿಸಿ, 400 ಪಟ್ಟು ಹಿಗ್ಗಿಸಿ ನೋಡಿ. ಮುರಕಲ್ಲಿನ ದೂಳು ಕೆಂಪಗೆ, ಚೂರುಚೂರಾಗಿ, ಮೂಲೆಮೂಲೆಯಾಗಿ ಕಾಣುತ್ತದೆ. ಹಾರುಬೂದಿಯಾದರೆ ಗಾಜಿನ ಪುಟಾಣಿ ಗೋಲಿಗಳು, ಒಂದರ ಪಕ್ಕ ಒಂದು, ಉರುಟು ಉರುಟು. ಕುಲುಮೆಯ ಉರಿಯಲ್ಲಿ ಕರಗಿ ಗಾಳಿಯಲ್ಲೇ ಗಟ್ಟಿಯಾದ ಕಣಕ್ಕೆ ಆ ಆಕಾರ. ಸ್ಲೈಡಿನ ಅಂಚಿಗೆ ದಿನಾಂಕ, ತೋಟದ ಸರ್ವೆ ನಂಬರು ಬರೆಯಿರಿ.

ಶಂಕರಪುರ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಇನ್ನೂ ಒಳ್ಳೆಯ ದಾಖಲೆ ಇದೆ: ದಿನಕ್ಕೆ ಎಷ್ಟು ಚೆಂಡು, ಎಷ್ಟು ಅಟ್ಟೆ ಕಟ್ಟೆಗೆ (ಹೂವಿನ ಮಾರುಕಟ್ಟೆಗೆ) ಹೋಯಿತು ಎಂದು ಬರೆದ ಪುಸ್ತಕ. ಚೆಂಡಿಗೆ 800 ಹೂ, ನಾಲ್ಕು ಚೆಂಡು ಒಂದು ಅಟ್ಟೆ. ಹತ್ತು ವರ್ಷದ ಆ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿರೆಂದು ಅಮ್ಮಂದಿರಿಗೆ ಈಗಲೇ ಹೇಳಿ. ಇಳುವರಿ ಕುಸಿದದ್ದಕ್ಕೆ ಅಂಥ ಪುರಾವೆ ಯಾವ ಇಲಾಖೆಯಲ್ಲೂ ಸಿಗದು.

ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್ ಕಡೆಗೆ ದಾರಿ ಬೇರೆ. ಎಂಆರ್‌ಪಿಎಲ್‌ನ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್. ಅಷ್ಟೂ ಕಚ್ಚಾತೈಲ ಕೊನೆಗೆ ಉರಿದರೆ ಅಂದಾಜು 4.5 ಕೋಟಿ ಟನ್ ಇಂಗಾಲದ ಡೈಆಕ್ಸೈಡ್. ನೂರಕ್ಕೆ 70ಕ್ಕಿಂತ ಹೆಚ್ಚು ಷೇರು ಓಎನ್‌ಜಿಸಿಯದ್ದು, ಎಂದರೆ ಸರ್ಕಾರದ್ದು. ಯುರೋಪಿನವರಂತೆ "ಷೇರು ಮಾರಿ" ಎಂಬ ಚಳವಳಿ ಇಲ್ಲಿ ಓಡದು. ಆದರೆ ಒಂದು ಷೇರು ಕೊಂಡರೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳಬಹುದು, ನೋಟಿಸಿನಲ್ಲಿ ಕೊಟ್ಟ ದಿನದೊಳಗೆ ಹೆಸರು ನೋಂದಾಯಿಸಿದರೆ ಆಯಿತು. ದೊಡ್ಡ 1000 ಲಿಸ್ಟೆಡ್ ಕಂಪನಿಗಳು 2022-23ರಿಂದ ಹೊರಸೂಸುವಿಕೆಯ ಲೆಕ್ಕ ಕೊಡಲೇಬೇಕು. ಅದರಲ್ಲಿ ಕಾರ್ಖಾನೆಯ ಒಳಗಿನ ಹೊಗೆ ಕಡ್ಡಾಯ, ಮಾರಿದ ಪೆಟ್ರೋಲಿನ ಹೊಗೆ ಐಚ್ಛಿಕ. ಪ್ರಶ್ನೆ ಎರಡನೆಯದರ ಬಗ್ಗೆ ಇರಲಿ.

ನಗುವವರಿಗೆ ಹೆಚ್ಚು ಹೇಳುವುದೇನೂ ಇಲ್ಲ. 14.2 ಕಿಲೊದ ಒಂದು ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕಿಲೊ ಇಂಗಾಲದ ಡೈಆಕ್ಸೈಡ್. 1200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ಒಂದು ಗಂಟೆ ಓಡಿದರೆ ಸುಮಾರು 1000 ಟನ್. ಇಪ್ಪತ್ತು ಸಾವಿರ ಸಿಲಿಂಡರಿಗೂ ಮಿಕ್ಕಿತು, ಚಾ ಕುಡಿಯಿರಿ ಮಾರಾಯ್ರೆ ಎನ್ನಿ.

ಮೆರವಣಿಗೆಯೂ ಬೇಕೆಂದರೆ ಖಂಡಿತ ಮಾಡಿ. ಉಡುಪಿಯಲ್ಲಿ ಎಸ್‌ಪಿ ಕಚೇರಿಗೆ, ಮಂಗಳೂರಿನಲ್ಲಿ ಕಮಿಷನರ್ ಕಚೇರಿಗೆ ದಾರಿ, ಸಮಯ, ಜನಸಂಖ್ಯೆ, ಇಬ್ಬರು ಹೊಣೆಗಾರರ ಫೋನು ನಂಬರು ಬರೆದು ಕೊಡಿ. ಮೈಕಿಗೆ ಬೇರೆ ಅನುಮತಿ. ಹಿಂದಿನ ದಿನ ಸಂಜೆ ಮತ್ತೊಮ್ಮೆ ವಿಚಾರಿಸಿ, ಹಳೆಯ 144, ಈಗಿನ 163ನೇ ಕಲಂ ರಾತ್ರೋರಾತ್ರಿ ಜಾರಿಯಾಗಿರುವುದುಂಟು. ಕಾರ್ಖಾನೆಯ ಗೇಟಿನೆದುರು ಪಾಳಿ ಬದಲಾಗುವ ಹೊತ್ತು ಬೇಡ. ಹೊರಗೆ ಬರುವವರು ಕಾಟಿಪಳ್ಳ, ಕುತ್ತೆತ್ತೂರಿನ ಮಕ್ಕಳೇ, ದುಡಿದು ದಣಿದಿರುತ್ತಾರೆ, ಜಗಳ ಅವರ ಜತೆ ಹತ್ತಿಕೊಳ್ಳುತ್ತದೆ. ಅಹವಾಲು ಸಭೆಯ ಪ್ರಕಟಣೆ ಯಾವ ಪತ್ರಿಕೆಯ ಮೂಲೆಯಲ್ಲಿ ಬಂದರೂ ಕತ್ತರಿಸಿ ನಮಗೂ ಒಂದು ಪ್ರತಿ ಕಳಿಸಿ, ಕರಡು ವರದಿಯ ಪುಟ ಹಂಚಿಕೊಳ್ಳಲು ಓದುಗರಲ್ಲಿ ಇನ್ನೂ ನಾಲ್ಕು ಜನ ಸಿಕ್ಕಾರು.

— ಸಂ.