ವೈರು ಚುಚ್ಚದ ಗಿಟಾರು

ಧಾರವಾಡದ ನಿವೃತ್ತ ಸಂಗೀತ ಶಿಕ್ಷಕರೊಬ್ಬರು ನ್ಯೂಜೆರ್ಸಿಯ ಮಗಳ ಮನೆಯಿಂದ ಪತ್ರ ಬರೆದಿದ್ದಾರೆ: “2025ರ ಫೆಬ್ರುವರಿಯಲ್ಲಿ ಅಳಿಯನ ಜೊತೆ ಕೂತು ಟೀವಿಯಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ವರ್ಷದ ಫೈನಲ್, ನೋಡಿದೆ. ಆಟ ತಿಳಿಯಲಿಲ್ಲ, ಅದಿರಲಿ. ಆಟದ ಮಧ್ಯದ ಬಿಡುವಿನಲ್ಲಿ ಕೆಂಡ್ರಿಕ್ ಲಮಾರ್ ಎಂಬ ರ್ಯಾಪ್ ಗಾಯಕನ ಹಾಡು ಶುರುವಾದದ್ದೇ ಅಡುಗೆಮನೆಯಲ್ಲಿದ್ದವರೆಲ್ಲ ಓಡಿಬಂದು ಕೂತರು, ಮುಗಿದದ್ದೇ ಎದ್ದು ಹೋದರು. ಇಂಥಲ್ಲಿ ಎಷ್ಟೋ ಸಲ ಮೊದಲೇ ರೆಕಾರ್ಡ್ ಮಾಡಿದ್ದನ್ನು ಹಾಕುತ್ತಾರಂತೆ. ಊಟದ ನಡುವೆ ಹರಿಕಥೆ ಇಟ್ಟ ಹಾಗಾಯಿತು. ಆಟಕ್ಕೂ ಹಾಡಿಗೂ ಇದು ಅವಮಾನವಲ್ಲವೇ?”

ಮಾಸ್ತರರೇ,

ಅಡುಗೆಮನೆಯಿಂದ ಓಡಿಬಂದವರು ನಿಮ್ಮ ಮಗಳ ಮನೆಯವರಷ್ಟೇ ಅಲ್ಲ. ಆ ದಿನ ಅಮೆರಿಕದಲ್ಲಿ ಆಟ ನೋಡಿದವರು ಸರಾಸರಿ 12 ಕೋಟಿ 77 ಲಕ್ಷ. ಹಾಡು ನೋಡಿದವರು 13 ಕೋಟಿ 35 ಲಕ್ಷ. ಊಟಕ್ಕಿಂತ ಹರಿಕಥೆಗೇ ಹೆಚ್ಚು ಮಂದಿ.

ಆಟಕ್ಕೆ ಅವಮಾನವೇ? ಆ ಆಟದ ಮಟ್ಟಿಗೆ ನನಗೆ ಹಾಗನ್ನಿಸುವುದಿಲ್ಲ. ಅಮೆರಿಕನ್ ಫುಟ್‌ಬಾಲ್ ನಿಂತು ನಿಂತು ನಡೆಯುವ ಆಟ. ಗಡಿಯಾರದ ಪ್ರಕಾರ ಒಂದು ಗಂಟೆ, ಪ್ರಸಾರ ಮೂರು ಗಂಟೆಗೂ ಮೇಲೆ, ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ. ಹಾಡೇ ಅದಕ್ಕಿಂತ ಉದ್ದ! 1967ರ ಮೊದಲ ಸೂಪರ್ ಬೌಲ್‌ನಲ್ಲಿ ಬಿಡುವಿನ ಹೊತ್ತಿಗೆ ಕಾಲೇಜು ಬ್ಯಾಂಡಿನವರು ಬಾರಿಸಿದ್ದರು. 1992ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಹಿಮದ ಹಬ್ಬದ ಹೆಸರಿನಲ್ಲಿ ಸ್ಕೇಟಿಂಗು, ಕುಣಿತ ಇಟ್ಟರು. ಅದೇ ಹೊತ್ತಿಗೆ ಫಾಕ್ಸ್ ವಾಹಿನಿ ತನ್ನ ಹಾಸ್ಯ ಕಾರ್ಯಕ್ರಮವನ್ನು ನೇರಪ್ರಸಾರ ಮಾಡಿತು. ಎರಡು ಕೋಟಿಗೂ ಹೆಚ್ಚು ಜನ ಅತ್ತ ಹೋದರು. ಮರುವರ್ಷ ಪಸಡೀನಾದಲ್ಲಿ ಮೈಕೆಲ್ ಜಾಕ್ಸನ್ ಹಾಜರ್. ವೇದಿಕೆಗೆ ಬಂದವನು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮಿಸುಕದೆ ನಿಂತ. ಕ್ರೀಡಾಂಗಣ ಕೂಗುತ್ತಲೇ ಇತ್ತು. ಷಡ್ಜ ಹಚ್ಚುವ ಮುನ್ನ ಸಭೆಯನ್ನು ಹೇಗೆ ಹಿಡಿಯಬೇಕೆಂಬುದು ನಿಮಗೆ ನಾನು ಹೇಳಬೇಕಾದದ್ದಲ್ಲ. ಅಂದಿನಿಂದ ಈ ಹಾಡಿನ ಕೆಲಸ ಒಂದೇ: ರಿಮೋಟಿನ ಮೇಲಿನ ಬೆರಳನ್ನು ಹಿಡಿದಿಡುವುದು. ಕಲಾವಿದರಿಗೆ ಸಂಭಾವನೆಯಿಲ್ಲ, ಖರ್ಚು ಮಾತ್ರ ಸಂಘಟಕರದು. ಹಾಗಿದ್ದೂ ದೊಡ್ಡವರು ಒಪ್ಪುತ್ತಾರೆ. ಯಾಕೆಂದು ಮೇಲಿನ ಅಂಕಿಗಳೇ ಹೇಳುತ್ತವೆ.

ನಮ್ಮ ಕಾಲ್ಚೆಂಡಾಟಕ್ಕೂ ಇದನ್ನು ಅಂಟಿಸಲು ಹೊರಟಾಗ ಮಾತ್ರ ನನಗೆ ಸಿಟ್ಟು ಬರುತ್ತದೆ. (ಈ ವಿಷಯದಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ.) ಅದು ನಿಲ್ಲದ ಆಟ. ಬಿಡುವು 15 ನಿಮಿಷ ಮೀರಬಾರದೆಂದು ಅದರ ನಿಯಮವೇ ಹೇಳುತ್ತದೆ. ದಕ್ಷಿಣ ಅಮೆರಿಕದ ಕಾಲ್ಚೆಂಡು ಪಂದ್ಯಾವಳಿಯಾದ ಕೋಪಾ ಅಮೆರಿಕದ 2024ರ ಫೈನಲ್‌ನಲ್ಲಿ ಗಾಯಕಿ ಶಕೀರಾಳ ಹಾಡಿಗಾಗಿ ಅದನ್ನು 25 ನಿಮಿಷಕ್ಕೆ ಎಳೆದರು. ಬಿಸಿಯಾದ ಮೈ ಆರಿಹೋಗುತ್ತದೆಂದು ಕೊಲಂಬಿಯಾದ ಕೋಚ್ ಮೊದಲೇ ಆಕ್ಷೇಪಿಸಿದ್ದರು. ಅಲ್ಲಿ ಹಾಡುತ್ತಿದ್ದವಳು ಅವರದೇ ತಂಡದ ನಾಡಿನವಳು ಎಂಬುದನ್ನೂ ನೆನೆಯಿರಿ. ಆಮೇಲೆ ಫಿಫಾ, 2026ರ ವಿಶ್ವಕಪ್ ಫೈನಲ್‌ಗೂ ಹಾಡು ಸೇರಿಸುವುದಾಗಿ ಸಾರಿತು, ಅದೂ ನೀವಿರುವ ನ್ಯೂಜೆರ್ಸಿಯಲ್ಲೇ. ಇಲ್ಲಿ ಮಾತ್ರ ನಿಮ್ಮ ಹರಿಕಥೆಯ ಮಾತಿಗೆ ನನ್ನ ರುಜುವೂ ಇದೆ.

ಇನ್ನು ಮೊದಲೇ ರೆಕಾರ್ಡ್ ಮಾಡಿದ್ದನ್ನು ಹಾಕಿ ಬಾಯಿ ಆಡಿಸುವ ಪ್ರಶ್ನೆ. ಸೂಪರ್ ಬೌಲ್‌ನಲ್ಲಿ ಖಾಲಿ ಹುಲ್ಲಿನ ಮೇಲೆ ಇಡೀ ವೇದಿಕೆಯನ್ನು ಉರುಳಿಸಿಕೊಂಡು ಬಂದು, ಜೋಡಿಸಿ, ನೂರಾರು ವೈರು ಚುಚ್ಚಿ ಮುಗಿಸಲು ಸಿಗುವುದು ಏಳೆಂಟು ನಿಮಿಷ. ಶ್ರುತಿ ನೋಡಿಕೊಳ್ಳಲು ಪುರುಸೊತ್ತೆಲ್ಲಿ? ಅದಕ್ಕಿಂತ ದೊಡ್ಡ ತೊಡಕು ಮೈದಾನದ ಅಳತೆ. ನೂರು ಮೀಟರು ಆಚೆಯಿಂದ ಸದ್ದು ಬರಲು ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ಬೇಕು. ತಬಲಾದ ಸಮ್ ಅಷ್ಟು ತಡವಾಗಿ ಕಿವಿಗೆ ಬಿದ್ದರೆ ನೀವು ತಾನ್ ಹೊಡೆಯುವಿರಾ ಮಾಸ್ತರರೇ? ತಮ್ಮದೇ ದನಿ ಎರಡೆರಡು ಸಲ ಕೇಳಿಸಿದರೆ ಎಂಥವರೂ ತಾಳ ತಪ್ಪುತ್ತಾರೆ.

2014ರ ಸೂಪರ್ ಬೌಲ್‌ನಲ್ಲಿ ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್ ಎಂಬ ರಾಕ್ ತಂಡ ಕುಣಿಯುತ್ತಿದ್ದಾಗ ಅವರ ಗಿಟಾರಿಗೆ ವೈರೇ ಇಲ್ಲವೆಂದು ಜನ ಗುರುತಿಸಿದರು. ಭಾರಿ ಗುಲ್ಲೆದ್ದಿತು. ಬಾಸ್ ಗಿಟಾರಿನ ಫ್ಲೀ ಒಂದು ಬಹಿರಂಗ ಪತ್ರ ಬರೆದ: ಗಾಯನ ಅಲ್ಲಿಯದೇ, ವಾದ್ಯಗಳು ಮಾತ್ರ ಮೊದಲೇ ಮುದ್ರಿಸಿದ್ದವು, ಸಂಘಟಕರ ಷರತ್ತೇ ಹಾಗಿತ್ತು, ಸುಳ್ಳುಸುಳ್ಳೇ ವೈರು ಸಿಕ್ಕಿಸಿಕೊಳ್ಳಲು ನಮಗೆ ಮನಸ್ಸಾಗಲಿಲ್ಲ. ನನಗೆ ಆ ಮನುಷ್ಯ ಇಷ್ಟವಾದ. ನುಡಿಸದ ಗಿಟಾರಿಗೆ ವೈರು ಚುಚ್ಚಿ ಬೆವರು ಒರೆಸಿಕೊಳ್ಳುವವನಿದ್ದಾನಲ್ಲ, ನಿಮ್ಮ ಬೈಗುಳಕ್ಕೆ ಅವನು ಅರ್ಹ.

ಮುದ್ರಿತವಲ್ಲದ ಗಂಡಾಂತರವನ್ನು ಕಣ್ಣಾರೆ ನೋಡಬೇಕೆಂದರೆ 2007ರ ಮಯಾಮಿಯ ಸೂಪರ್ ಬೌಲ್‌ನಲ್ಲಿ ಹಾಡಿದ ಗಾಯಕ ಪ್ರಿನ್ಸ್‌ನನ್ನು ನೋಡಿ. ಧೋ ಎಂದು ಮಳೆ, ಕೈಯಲ್ಲಿ ವಿದ್ಯುತ್ ಗಿಟಾರು, ಕಾಲಡಿ ಜಾರುವ ನೆಲ. ಮಳೆಯೂ ಪಕ್ಕವಾದ್ಯಕ್ಕೆ ಬಂದಂತಿದೆ.

ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಲು ಒಂದು ಉದಾಹರಣೆ ಉಳಿಸಿಕೊಂಡಿದ್ದೇನೆ. 1991ರ ಜನವರಿ 27, ಟ್ಯಾಂಪಾದಲ್ಲಿ ಸೂಪರ್ ಬೌಲ್. ಕೊಲ್ಲಿ ಯುದ್ಧ ಶುರುವಾಗಿ ಹತ್ತು ದಿನ. ಆಟಕ್ಕೆ ಮೊದಲು ಗಾಯಕಿ ವಿಟ್ನಿ ಹ್ಯೂಸ್ಟನ್ ಅಮೆರಿಕದ ರಾಷ್ಟ್ರಗೀತೆ ಹಾಡಿದಳು. ಮೂರು ಮಾತ್ರೆಯ ನಡೆಯಲ್ಲಿ ಕಟ್ಟಿದ ಗೀತೆ ಅದು. ಅವಳಿಗಾಗಿ ಅದನ್ನು ನಾಲ್ಕಕ್ಕೆ ತಿರುಗಿಸಿದ್ದರು. ಆ ಒಂದೊಂದು ಹೆಚ್ಚಿನ ಮಾತ್ರೆಯಲ್ಲಿ ಅವಳು ಉಸಿರು ತೆಗೆದುಕೊಂಡು ಸ್ವರವನ್ನು ಬೆಳೆಸುತ್ತಾಳೆ. ಅದಕ್ಕಿಂತ ಚೆನ್ನಾಗಿ ಆ ಗೀತೆಯನ್ನು ಯಾರೂ ಹಾಡಿಲ್ಲವೆನ್ನುವವರು ಇವತ್ತಿಗೂ ಬೇಕಾದಷ್ಟು ಜನ. ಅಂದು ಜನ ಕೇಳಿದ್ದು ಮೊದಲೇ ಮುದ್ರಿಸಿದ ದನಿ. ಅಳಿಯನಿಗೆ ಹೇಳಿ ಅದನ್ನು ಹಾಕಿಸಿಕೊಳ್ಳಿ, ತೊಡೆಯ ಮೇಲೆ ಮಾತ್ರೆ ಎಣಿಸುತ್ತಾ ಕೇಳಿ. ಆಮೇಲೂ ಅದು ಗಾಯನವಲ್ಲ ಎನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.

– ಸಂ.