ನಡುಗುತ್ತಲೇ ಮಾತಾಡಿದವರು

ಓದುಗರ ಪತ್ರ: ನಾನು ಯೇಸುವನ್ನು ನಂಬಿದವಳು. ಕೆಲಸದ ಜಾಗದಲ್ಲಿ ಇದು ಯಾರಿಗೂ ಗೊತ್ತಿಲ್ಲ. ತಂದೆ ತೀರಿಕೊಂಡ ಮೇಲೆ ಜೊತೆಗೆ ಕೆಲಸ ಮಾಡುವ ಗೆಳತಿ, "ಇಷ್ಟು ದುಃಖದಲ್ಲೂ ಹೇಗೆ ಗಟ್ಟಿಯಾಗಿದ್ದೀಯ?" ಎಂದು ಕೇಳಿದಳು. ನಾನು ಹೆದರಿ ಮಾತು ಬದಲಿಸಿದೆ. ಅವತ್ತಿನಿಂದ ನೆಮ್ಮದಿಯಿಲ್ಲ. ನನ್ನಂಥ ಅಂಜುಬುರುಕಿ ಯೇಸುವಿನ ಬಗ್ಗೆ ಸಾಕ್ಷಿ ಹೇಳುವುದು ಹೇಗೆ?

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ತಂದೆಯನ್ನು ಕಳೆದುಕೊಂಡ ನಿಮ್ಮನ್ನು ದೇವರು ಸಂತೈಸಲಿ.

ಧೈರ್ಯವಂತರಿಗೆ ಭಯವೇ ಆಗುವುದಿಲ್ಲ ಎಂದು ನೀವು ಅಂದುಕೊಂಡ ಹಾಗಿದೆ. ಬೈಬಲ್ ಹಾಗೆ ಹೇಳುವುದಿಲ್ಲ. ಊರೂರು ತಿರುಗಿ ಯೇಸುವಿನ ವಿಷಯ ಸಾರಿದ ಪೌಲನನ್ನೇ ನೋಡಿ. ನಿಮ್ಮ ಬಳಿಗೆ ಬಂದಾಗ ಬಲಹೀನನಾಗಿದ್ದೆ, ಹೆದರಿ ನಡುಗುತ್ತಿದ್ದೆ ಎಂದು ಕೊರಿಂಥದವರಿಗೆ ಅವನೇ ಬರೆಯುತ್ತಾನೆ. ಹೆದರಲು ಕಾರಣಗಳೂ ಇದ್ದವು. ಫಿಲಿಪ್ಪಿಯಲ್ಲಿ ಏಟು ತಿಂದು ಸೆರೆಮನೆ ಸೇರಿದ್ದ. ಥೆಸಲೊನೀಕದಿಂದ ರಾತ್ರೋರಾತ್ರಿ ಹೊರಡಬೇಕಾಯಿತು. ಅಥೇನೆಯಲ್ಲಿ ಕೆಲವರು ಅವನ ಮಾತು ಕೇಳಿ ನಕ್ಕರು. ಅಷ್ಟೆಲ್ಲ ಆದ ಮೇಲೆ ಕೊರಿಂಥದಲ್ಲಿ ಒಂದು ರಾತ್ರಿ ಕರ್ತನಾದ ಯೇಸು ದರ್ಶನದಲ್ಲಿ ಅವನಿಗೆ ಹೇಳಿದ: ಹೆದರಬೇಡ, ಸುಮ್ಮನಿರಬೇಡ, ಮಾತಾಡು, ನಾನೇ ನಿನ್ನ ಜೊತೆಗಿದ್ದೇನೆ. ಭಯವೇ ಇಲ್ಲದವನಿಗೆ ಈ ಮಾತು ಬೇಕಿರಲಿಲ್ಲ, ಅಲ್ವಾ? ಪೌಲ ಆ ಊರಲ್ಲೇ ಒಂದೂವರೆ ವರ್ಷ ಉಳಿದು ಬೋಧಿಸಿದ.

ಯೇಸುವಿನ ಶಿಷ್ಯ ಪೇತ್ರ ದಾಸಿಯೊಬ್ಬಳ ಪ್ರಶ್ನೆಗೇ ಹೆದರಿ ಯೇಸುವನ್ನು ಅರಿಯೆ ಎಂದವನು. ಅರಿಮಥಾಯದ ಯೋಸೇಫ ಭಯದಿಂದಲೇ ಗುಟ್ಟಾಗಿ ಶಿಷ್ಯನಾಗಿದ್ದವನು. ಆದರೂ ಯೇಸು ಶಿಲುಬೆಯ ಮೇಲೆ ಸತ್ತ ದಿನ ರೋಮನ್ ಅಧಿಪತಿ ಪಿಲಾತನ ಬಳಿಗೆ ಹೋಗಿ ದೇಹವನ್ನು ಕೇಳಿದವನು ಇದೇ ಯೋಸೇಫ. ನಮ್ಮ ಪ್ರಸಂಗಗಳಲ್ಲಿ ಈ ಮನುಷ್ಯನ ಹೆಸರು ಇನ್ನೂ ಜಾಸ್ತಿ ಬರಬೇಕು. ಗುಟ್ಟಾಗಿ ನಂಬಿರುವ ಎಷ್ಟೋ ಜನರಿಗೆ ಅವನು ಬೇಕು.

ಇನ್ನು ನಿಮ್ಮ ಗೆಳತಿಯ ವಿಷಯ. ನಿಮ್ಮ ನಿರೀಕ್ಷೆಗೆ ಕಾರಣ ಏನು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಿ ಎಂದು ಪೇತ್ರ ತನ್ನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಬರೆದ. ನಂಬಿಕೆಗಾಗಿ ಕಷ್ಟಪಡುತ್ತಿದ್ದವರಿಗೆ ಬರೆದ ಮಾತಿದು. ಜೋರು ಮಾಡಿ ಎನ್ನಲಿಲ್ಲ, ವಾದದಲ್ಲಿ ಗೆಲ್ಲಿ ಎನ್ನಲಿಲ್ಲ. ಬೇಡ ಅಂದವರ ಬೆನ್ನು ಬೀಳುವುದನ್ನು, ನಮ್ಮ ಕೈಕೆಳಗಿರುವವರ ಮೇಲೆ ಒತ್ತಡ ಹಾಕುವುದನ್ನು ನಾನು ಧೈರ್ಯ ಎನ್ನಲಾರೆ. ಆದರೆ ನಿಮ್ಮ ಗೆಳತಿ ತಾನಾಗಿಯೇ ಕೇಳಿದ್ದಾಳೆ. ನಿಮ್ಮ ಬದುಕು ನೋಡಿ ಕೇಳಿದ್ದಾಳೆ.

ಒಳ್ಳೆಯ ಬದುಕೇ ಸಾಕು, ಬಾಯಿ ಬಿಡುವ ಅಗತ್ಯವಿಲ್ಲ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನೀವು ಸುಮ್ನೆ ಇದ್ದರೆ, ನೀವೇ ಗಟ್ಟಿಗಿತ್ತಿ ಎಂದು ಆಕೆ ತಿಳಿಯುತ್ತಾಳೆ. ನಾಳೆ ಆಕೆಗೇ ದುಃಖ ಬಂದಾಗ, ನನಗೆ ಅಂಥ ಮನೋಬಲವಿಲ್ಲ ಎಂದು ಕುಸಿದು ಕೂರಬಹುದು. ನಿಮ್ಮನ್ನು ಹಿಡಿದು ನಿಲ್ಲಿಸಿದವನು ಯಾರು ಎಂಬುದು ಅವಳಿಗೆ ಗೊತ್ತೇ ಆಗುವುದಿಲ್ಲ.

ಅವಕಾಶ ಕೈತಪ್ಪಿಲ್ಲ. ಆಕೆ ಒಬ್ಬಳೇ ಇರುವಾಗ ಹೋಗಿ ಇಷ್ಟು ಹೇಳಿ: "ಅವತ್ತು ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಾನೇನೂ ಗಟ್ಟಿಯಾಗಿರಲಿಲ್ಲ. ಅಳುತ್ತಾ ಯೇಸುವಿಗೆ ಪ್ರಾರ್ಥನೆ ಮಾಡುತ್ತಿದ್ದೆ. ಆತನೇ ನನ್ನನ್ನು ನಡೆಸಿದ." ನಿಮಗೆ ನಿಜವಾಗಿ ಆದದ್ದನ್ನೇ ಹೇಳಿ, ಒಂದು ಮಾತನ್ನೂ ಸೇರಿಸಬೇಡಿ. ಆಕೆ ಇನ್ನೂ ಕೇಳಿದರೆ ಮುಂದುವರಿಸಿ. ಬೇರೆ ಮಾತಿಗೆ ಹೊರಳಿದರೆ ಬಿಟ್ಟುಬಿಡಿ, ಗೆಳೆತನ ಹಾಗೇ ಇರಲಿ. ಮನಸ್ಸು ತೆರೆಯುವುದು ದೇವರ ಕೆಲಸ.

ಹೋಗುವ ಮುಂಚೆ ನಿಮ್ಮ ಸಭೆಯ ಒಬ್ಬಿಬ್ಬರಿಗೆ ತಿಳಿಸಿ, ನಿಮಗಾಗಿ ಪ್ರಾರ್ಥಿಸಲು ಹೇಳಿ. ಇದರಲ್ಲಿ ನಾಚಿಕೆ ಬೇಡ. ಸೆರೆಯಲ್ಲಿದ್ದು ಎಫೆಸದವರಿಗೆ ಪತ್ರ ಬರೆದಾಗ ಪೌಲ ತನಗಾಗಿ ಬೇಡಿಕೊಳ್ಳಿ ಎಂದದ್ದು ಬಿಡುಗಡೆಗಲ್ಲ, ಸುವಾರ್ತೆಯನ್ನು ಧೈರ್ಯದಿಂದ ಹೇಳುವುದಕ್ಕೆ. ನಾವೂ ಇಲ್ಲಿ ನಿಮಗಾಗಿ ಅದನ್ನೇ ಬೇಡಿಕೊಳ್ಳುತ್ತೇವೆ.

– ಸಂಪಾದಕ