ನಾನು ಚಿಕ್ಕಮಗಳೂರಿನವಳು. ಎಂಎಸ್ಸಿ ಮುಗಿದಿದೆ, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಲೆಕ್ಚರರ್ ಆಗಲು ಪಿಎಚ್‌ಡಿ ಮೊದಲಾ, ನೆಟ್ ಮೊದಲಾ?

ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ಅದರ ಕರ್ನಾಟಕದ ರೂಪ) ಮೊದಲು. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ.

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನೀವು ಚಿಕ್ಕಮಗಳೂರಿನವರು ಅಂದಿರಿ, ಹಾಗಾಗಿ ಇಲ್ಲಿನ ಲೆಕ್ಕದಲ್ಲೇ ಹೇಳುತ್ತೇನೆ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೇಳುವ ಕನಿಷ್ಠ ಅರ್ಹತೆ ನೆಟ್ ಅಥವಾ ರಾಜ್ಯ ಮಟ್ಟದ ಸೆಟ್, ನಮ್ಮಲ್ಲಿ ಅದೇ ಕೆಸೆಟ್. ಪಿಎಚ್‌ಡಿ ಕಡ್ಡಾಯ ಅಲ್ಲ. ಕೆಸೆಟ್‌ಗೆ ವಯಸ್ಸಿನ ಮಿತಿ ಇಲ್ಲ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಮ್ಮೆ ಪಾಸಾದರೆ ಆ ಸರ್ಟಿಫಿಕೇಟು ಮದುವೆ, ಬಾಣಂತನ ಎಲ್ಲ ಮುಗಿದ ಮೇಲೂ ಹಾಗೇ ನಡೆಯುತ್ತದೆ. ಅರ್ಧ ಬರೆದಿಟ್ಟ ಥೀಸಿಸ್ ಹಾಗಲ್ಲ.

ಪಿಎಚ್‌ಡಿ ಬೇಡ ಅನ್ನುತ್ತಿಲ್ಲ, ಅಸೋಸಿಯೇಟ್ ಪ್ರೊಫೆಸರ್ ಪ್ರಮೋಷನ್‌ಗೆ ಬೇಕೇ ಬೇಕು. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿ ಮುಗಿಸಲು ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿಗೆ ಸಿಗುತ್ತದೆ. ಹೆರಿಗೆ, ಮಗು ನೋಡಿಕೊಳ್ಳೋಕೆ ಅಂತ 240 ದಿನದವರೆಗೆ ರಜೆ ಇದೆ. ಆದರೆ ರಜೆ ಕೇಳಿದಾಗ ಗೈಡ್ ಮುಖ ಸಿಂಡರಿಸಿದರೆ ನಿಯಮ ಇಟ್ಟುಕೊಂಡು ಏನು ಮಾಡುತ್ತೀರಿ? ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೋ ಹಾಸನದ ಹೇಮಗಂಗೋತ್ರಿಯೋ ಆಮೇಲೆ ನೋಡಿ. ಆ ಗೈಡ್ ಹತ್ತಿರ ಎಷ್ಟು ಹುಡುಗಿಯರು ಸೇರಿದರು, ಎಷ್ಟು ಜನ ಮುಗಿಸಿದರು ಅಂತ ಮೊದಲು ವಿಚಾರಿಸಿ.

ನನಗೆ ನಿಜವಾಗಿ ಭಯ ಇರುವುದು ಗೆಸ್ಟ್ ಲೆಕ್ಚರರ್ ಕೆಲಸದ ಬಗ್ಗೆ. 'ಸುಮ್ನೆ ಮನೆಯಲ್ಲಿ ಕೂರೋದಕ್ಕಿಂತ ಒಂದೆರಡು ವರ್ಷ ಮಾಡೋಣ' ಅಂತಲೇ ಎಲ್ಲರೂ ಶುರು ಮಾಡುವುದು. ನನ್ನ ಗೆಳತಿ ಬೆಳಗ್ಗೆ ಬೇಲೂರಿನಿಂದ ಹಾಸನಕ್ಕೆ ಬರುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಗುತ್ತಿರಲಿಲ್ಲ. ನಿಂತುಕೊಂಡೇ ಆವತ್ತಿನ ಪಾಠದ ನೋಟ್ಸ್ ಮೇಲೆ ಕಣ್ಣಾಡಿಸುತ್ತಿದ್ದಳು. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸ ಕೌನ್ಸೆಲಿಂಗ್. ವರ್ಗವಾಗಿ ಒಬ್ಬರು ಕಾಯಂ ಮೇಷ್ಟ್ರು ಬಂದರೆ ಇವಳಿಗೆ ಕ್ಲಾಸೇ ಇಲ್ಲ. ಹೆರಿಗೆ ಮುಗಿಸಿ ಬಂದಾಗ ಅವಳ ಪೇಪರು ಬೇರೆಯವರ ಕೈಯಲ್ಲಿತ್ತು. ಅವಳಿಗಿಂತ ಚೆನ್ನಾಗಿ ಆರ್ಗ್ಯಾನಿಕ್ ಪಾಠ ಮಾಡುವವರನ್ನು ನಾನು ನೋಡಿಲ್ಲ. ಆದರೆ ಓದಿಗೆ ಸಮಯ ಸಿಗದೆ ಕೆಸೆಟ್ ಮುಂದಕ್ಕೆ ಹೋಗುತ್ತಲೇ ಇತ್ತು. 2021ರಲ್ಲಿ ರಾಜ್ಯದಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಕರೆದಾಗ ಅವಳ ಹತ್ತಿರ ಅನುಭವ ಇತ್ತು, ಅರ್ಹತೆ ಇರಲಿಲ್ಲ. ಇಂಥ ನೇಮಕಾತಿ ನಮ್ಮಲ್ಲಿ ಪ್ರತಿ ವರ್ಷ ಬರುವುದಿಲ್ಲ, ಗೊತ್ತಲ್ವಾ?

ಕಾಯಂ ಆದ ಮೇಲೆ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಫಂಕ್ಷನ್ ಬಂದರೆ ರಂಗೋಲಿ, ಆರತಿ ತಟ್ಟೆ, ಸ್ವಾಗತ ಸಮಿತಿ ಎಲ್ಲ ಮೇಡಂಗಳಿಗೆ. ಖರೀದಿ ಸಮಿತಿ ಸರ್‌ಗಳಿಗೆ. (ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಫೈಲ್ ಬರೆಯುವ ಕೆಲಸವೂ ನಮಗೇ, 'ನಿಮ್ಮ ಅಕ್ಷರ ಚೆನ್ನಾಗಿದೆ' ಅಂತ. ಟೈಪ್ ಮಾಡೋಕೆ ಅಕ್ಷರ ಯಾಕೆ ಬೇಕೋ!) 2021-22ರ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ 100 ಗಂಡು ಅಧ್ಯಾಪಕರಿಗೆ 77 ಹೆಣ್ಣು ಅಧ್ಯಾಪಕರಿದ್ದಾರೆ. ಸ್ಟಾಫ್ ರೂಮಿನಲ್ಲಿ ಅದು ಕಾಣುತ್ತದೆ, ಪ್ರಿನ್ಸಿಪಾಲರ ಕೋಣೆಯಲ್ಲಿ ಅಷ್ಟಾಗಿ ಕಾಣದು.

ಇನ್ನು ಗಂಡು ನೋಡುವ ವಿಚಾರ. 'ಕೆಲಸಕ್ಕೆ ಕಳಿಸುತ್ತೀರಾ' ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು, ಮೊದಲ ಪೋಸ್ಟಿಂಗ್ ಸುರಪುರಕ್ಕೋ ಮಾನ್ವಿಗೋ ಬಿದ್ದರೆ ಮನೆ ಎಲ್ಲಿ ಮಾಡೋಣ, ಮಗು ಯಾರ ಹತ್ತಿರ ಇರುತ್ತೆ ಅಂತ ಕೇಳಿ. ಹುಡುಗನನ್ನೇ ಕೇಳಿ, ಅವರಮ್ಮನನ್ನಲ್ಲ.